ಹಾಲು ಬಿಟ್ಟ ಹಂದಿಮರಿಗೆ ಔಷಧವೋ, ಆಹಾರವೋ?

ಡೆನ್ಮಾರ್ಕಿನ ಹಂದಿ ಸಾಕಣೆ ಕೇಂದ್ರಗಳಲ್ಲಿ ಮರಿಗೆ ನಾಲ್ಕು ವಾರ ತುಂಬುವ ಹೊತ್ತಿಗೆ ಅದನ್ನು ತಾಯಿಯಿಂದ ಬೇರ್ಪಡಿಸಲಾಗುತ್ತದೆ. ಆರೇಳು ಕಿಲೋ ತೂಗುವ ಆ ಮರಿ ಒಂದೇ ದಿನದಲ್ಲಿ ತಾಯಿಯನ್ನೂ ಹಾಲನ್ನೂ ಹುಟ್ಟಿದ ಜಾಗವನ್ನೂ ಕಳೆದುಕೊಂಡು, ಬೇರೆ ಬೇರೆ ತಾಯಂದಿರ ಮರಿಗಳು ಕಲೆತಿರುವ ಹೊಸ ಕೋಣೆಗೆ ಬರುತ್ತದೆ. ಅಲ್ಲಿ ಅದಕ್ಕೆ ಸಿಗುವುದು ಗೋಧಿ, ಬಾರ್ಲಿ, ಸೋಯಾ ಹಿಂಡಿ ಬೆರೆಸಿದ ಆಹಾರ. ಮುಂದಿನ ಹತ್ತು ಹದಿನೈದು ದಿನಗಳಲ್ಲಿ ಹಲವು ಮರಿಗಳಿಗೆ ನೀರಿನಂತಹ ಭೇದಿ ಹತ್ತಿಕೊಳ್ಳುತ್ತದೆ. ಕೆಲವು ಸಾಯುತ್ತವೆ, ಬದುಕಿದವುಗಳಲ್ಲಿ ಹಲವು ಬಡಕಲಾಗಿ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತವೆ.

ಎಲ್ಲಿಯದೋ ಹಂದಿಮರಿಯ ಭೇದಿಗೂ ಬೆಂಗಳೂರಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧದ ಹೆಸರು ಕೊಲಿಸ್ಟಿನ್. ಬೇರೆಲ್ಲ ಆಂಟಿಬಯಾಟಿಕ್‌ಗಳೂ ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಕಡೆಯ ಔಷಧಗಳಲ್ಲಿ ಅದೂ ಒಂದು. ಜಗತ್ತಿನ ಹಲವೆಡೆ ಅದೇ ಔಷಧವನ್ನು ಹಾಲು ಬಿಟ್ಟ ಹಂದಿಮರಿಗಳಿಗೆ ಟನ್ನುಗಟ್ಟಲೆ ತಿನ್ನಿಸಲಾಗಿದೆ. ಹಾಗೆ ತಿನ್ನಿಸುವುದನ್ನು ನಿಲ್ಲಿಸಿ, ಮರಿಯ ಆಹಾರವನ್ನೇ ಬದಲಿಸಿ ಭೇದಿಯನ್ನು ತಡೆಯಲಾದೀತೇ ಎಂಬ ಪ್ರಶ್ನೆಯ ಬೆನ್ನು ಹತ್ತಿ ಡೆನ್ಮಾರ್ಕ್ ಮೂವತ್ತು ವರ್ಷಗಳನ್ನು ಕಳೆದಿದೆ. ವರ್ಷಕ್ಕೆ ಮೂರು ಕೋಟಿಯ ಆಸುಪಾಸು ಹಂದಿಗಳನ್ನು ಉತ್ಪಾದಿಸುವ, ಜನಸಂಖ್ಯೆ ಮಾತ್ರ ಅರವತ್ತು ಲಕ್ಷದಷ್ಟಿರುವ ಈ ಪುಟ್ಟ ದೇಶದ ಅನುಭವ ಎರಡು ಬಾರಿ ಎಡವಿ ಎದ್ದ ಅನುಭವ.

ಕರುಳಿನಲ್ಲಿ ಆಗುವುದೇನು?

ಕಾಡಿನಲ್ಲಿ ಹಂದಿಮರಿ ಹಾಲು ಬಿಡುವುದು ಮೂರು ನಾಲ್ಕು ತಿಂಗಳ ಅವಧಿಯಲ್ಲಿ, ನಿಧಾನವಾಗಿ. ತಾಯಿಯ ಜೊತೆ ಮಣ್ಣು ಕೆದಕುತ್ತಾ, ಬೇರು ಗೆಡ್ಡೆ ಅಗಿಯುತ್ತಾ, ನಡುನಡುವೆ ಹಾಲು ಕುಡಿಯುತ್ತಾ ಅದರ ಹೊಟ್ಟೆ ಹೊಸ ಆಹಾರಕ್ಕೆ ಒಗ್ಗಿಕೊಳ್ಳುತ್ತದೆ. ಸಾಕಣೆ ಕೇಂದ್ರದಲ್ಲಿ ಇದೇ ಕೆಲಸ ಒಂದು ದಿನದಲ್ಲಿ ಆಗಬೇಕು.

ಹಾಲು ಕುಡಿಯುವ ಮರಿಯ ಜಠರದಲ್ಲಿ ಹಾಲಿನ ಸಕ್ಕರೆಯನ್ನು ತಿಂದು ಬದುಕುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳಿರುತ್ತವೆ. ನಮ್ಮ ಮನೆಯ ಮೊಸರನ್ನು ಹುಳಿಯಾಗಿಸುವ ಬಳಗಕ್ಕೇ ಸೇರಿದ ಇವು ಜಠರವನ್ನೂ ಹುಳಿಯಾಗಿಡುತ್ತವೆ. ಆ ಹುಳಿಯಲ್ಲಿ ರೋಗಾಣುಗಳು ತಲೆಯೆತ್ತುವುದು ಕಷ್ಟ. ಹಾಲು ನಿಂತೊಡನೆ ಈ ಬ್ಯಾಕ್ಟೀರಿಯಾಗಳ ಸಂಖ್ಯೆ ಕುಸಿಯುತ್ತದೆ. ಸಾಕಷ್ಟು ಜಠರಾಮ್ಲವನ್ನು ತಾನೇ ಸ್ರವಿಸುವ ಶಕ್ತಿ ನಾಲ್ಕು ವಾರದ ಮರಿಗೆ ಇನ್ನೂ ಬಂದಿರುವುದಿಲ್ಲ. ಹೀಗೆ ಕಾವಲುಗಾರ ಹೋದ, ಹೊಸಬ ಬರಲಿಲ್ಲ ಎಂಬ ಸ್ಥಿತಿ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆಯೂ ಇದೇ ವೇಳೆಗೆ ಕ್ಷೀಣಿಸುತ್ತಿರುತ್ತದೆ, ಮರಿಯ ಸ್ವಂತ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ.

ಅದರ ಮೇಲೆ ಹಸಿವು. ತಾಯಿ ಹಂದಿ ಹೆಚ್ಚು ಕಡಿಮೆ ಗಂಟೆಗೊಮ್ಮೆ ಹಾಲೂಡಿಸುತ್ತದೆ. ಬೇರ್ಪಟ್ಟ ಮರಿಗೆ ತೊಟ್ಟಿಯಲ್ಲಿರುವುದು ಆಹಾರ ಎಂಬುದೇ ತಿಳಿಯದು. ಕೆಲವು ಮರಿಗಳು ಒಂದು ದಿನ, ಇನ್ನು ಕೆಲವು ಎರಡು ದಿನ ಏನನ್ನೂ ಮುಟ್ಟುವುದಿಲ್ಲ. ಸಣ್ಣ ಕರುಳಿನ ಒಳಗೋಡೆಯ ಮೇಲೆ ಬೆರಳುಗಳಂತೆ ಎದ್ದುನಿಂತು ಆಹಾರವನ್ನು ಹೀರುವ ರಸಾಂಕುರಗಳು ಈ ಉಪವಾಸದಿಂದ ಕೆಲವೇ ದಿನಗಳಲ್ಲಿ ಮೊಟಕಾಗುತ್ತವೆ. ಆಮೇಲೆ ಹಸಿವು ತಾಳದೆ ಮರಿ ಗಬಗಬನೆ ತಿಂದಾಗ, ಜೀರ್ಣವಾಗದ ಪ್ರೋಟೀನು ದೊಡ್ಡ ಕರುಳಿಗೆ ಜಾರಿ ಅಲ್ಲಿ ಕೊಳೆಯುತ್ತದೆ. ಅಮೋನಿಯಾದಂತಹ ವಸ್ತುಗಳು ಹುಟ್ಟಿ ಕರುಳನ್ನು ಕೆರಳಿಸುತ್ತವೆ.

ಇಂತಹ ಸಮಯಕ್ಕೇ ಹೊಂಚು ಹಾಕಿರುವುದು ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು. ಎಫ್4 ಮತ್ತು ಎಫ್18 ಎಂದು ವಿಜ್ಞಾನಿಗಳು ಹೆಸರಿಸಿರುವ ಕೂದಲಿನಂತಹ ಕೊಕ್ಕೆಗಳಿಂದ ಇವು ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಉಗುಳುತ್ತವೆ. ಆ ವಿಷ ಕರುಳನ್ನು ಕೊಲ್ಲುವುದಿಲ್ಲ, ದೇಹದ ನೀರನ್ನೂ ಲವಣವನ್ನೂ ಕರುಳಿನೊಳಕ್ಕೆ ಸುರಿಯುವಂತೆ ಮಾಡುತ್ತದೆ. ಮರಿ ಸಾಯುವುದು ನೀರಿಲ್ಲದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಇ. ಕೋಲೈ ತಳಿಗಳು ಆರೋಗ್ಯವಂತ ಮರಿಗಳ ನಡುವೆಯೂ ಇರಬಲ್ಲವು. ರೋಗಾಣು ಬಂದದ್ದಕ್ಕಿಂತ, ಅದಕ್ಕೆ ಬೇಕಾದ ನೆಲ ಹದವಾದದ್ದು ರೋಗಕ್ಕೆ ದೊಡ್ಡ ಕಾರಣ.

ಮೇವಿನೊಳಗಿನ ಔಷಧ

1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧಕರಾದ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಅವರು, ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಚರಟವನ್ನು ತಿಂದ ಕೋಳಿಮರಿಗಳು ಬೇಗ ಬೆಳೆಯುತ್ತವೆ ಎಂದು ಕಂಡುಕೊಂಡರು. ಹಂದಿಗಳಲ್ಲೂ ಅದೇ ಫಲ ಸಿಕ್ಕಿತು. ಚಿಕಿತ್ಸೆಗೆ ಸಾಲದಷ್ಟು ಅಲ್ಪ ಪ್ರಮಾಣದ ಆಂಟಿಬಯಾಟಿಕ್ ಅನ್ನು ಪ್ರತಿದಿನವೂ ಮೇವಿನಲ್ಲಿ ಬೆರೆಸುವ ಪದ್ಧತಿ ಆರಂಭವಾದದ್ದು ಹೀಗೆ. ಬೆಳವಣಿಗೆ ಹೆಚ್ಚಿಸುವುದು ಎಂಬ ಹೆಸರಿನಲ್ಲಿ ಬಂದರೂ, ಹಾಲು ಬಿಡಿಸುವ ಹೊತ್ತಿನ ಭೇದಿಯನ್ನು ಅದು ಸದ್ದಿಲ್ಲದೆ ಅಡಗಿಸಿಟ್ಟಿತು. ಮರಿಯನ್ನು ಇನ್ನಷ್ಟು ಬೇಗ ತಾಯಿಯಿಂದ ಬಿಡಿಸುವುದೂ, ಒಂದೇ ಕೋಣೆಯಲ್ಲಿ ಇನ್ನಷ್ಟು ಮರಿಗಳನ್ನು ತುಂಬುವುದೂ ಸುಲಭವಾಯಿತು.

ಬೆಲೆ ತೆರಬೇಕಾದದ್ದು ಬೇರೆ ಕಡೆ. ಅಲ್ಪ ಪ್ರಮಾಣದ ಔಷಧದಲ್ಲಿ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತದೆ, ಔಷಧಕ್ಕೆ ಬಗ್ಗದ್ದು ಉಳಿದು ಬೆಳೆಯುತ್ತದೆ. ಅವೊಪಾರ್ಸಿನ್ ಎಂಬ ಮೇವಿನ ಔಷಧವನ್ನು ಬಳಸುತ್ತಿದ್ದ ಡೆನ್ಮಾರ್ಕಿನ ಸಾಕಣೆ ಕೇಂದ್ರಗಳಲ್ಲಿ, ಆಸ್ಪತ್ರೆಗಳ ಅಮೂಲ್ಯ ಔಷಧವಾದ ವ್ಯಾಂಕೊಮೈಸಿನ್‌ಗೂ ಬಗ್ಗದ ಬ್ಯಾಕ್ಟೀರಿಯಾಗಳು ಪತ್ತೆಯಾದಾಗ ಸರ್ಕಾರ 1995ರಲ್ಲಿ ಅದನ್ನು ನಿಷೇಧಿಸಿತು. ಅದೇ ವರ್ಷ ಪಶು ಹಾಗೂ ಮನುಷ್ಯರಲ್ಲಿ ಔಷಧ ಬಳಕೆಯನ್ನೂ ನಿರೋಧಕತೆಯನ್ನೂ ಒಟ್ಟಿಗೆ ಲೆಕ್ಕವಿಡುವ ಡ್ಯಾನ್‌ಮ್ಯಾಪ್ ಎಂಬ ವ್ಯವಸ್ಥೆ ಆರಂಭವಾಯಿತು. ಔಷಧ ಬರೆದುಕೊಡುವ ಪಶುವೈದ್ಯರೇ ಅದನ್ನು ಮಾರಿ ಪಡೆಯುತ್ತಿದ್ದ ಲಾಭಕ್ಕೂ ಮಿತಿ ಬಿತ್ತು. ನಿಷೇಧಗಳಷ್ಟು ಸುದ್ದಿಯಾಗದಿದ್ದರೂ ಈ ಕಡೆಯ ಕ್ರಮದ ಪರಿಣಾಮ ಚಿಕ್ಕದಲ್ಲ.

1998ರಲ್ಲಿ ದೊಡ್ಡ ಹಂದಿಗಳ ಮೇವಿನಿಂದ, 1999ರ ಕೊನೆಯ ವೇಳೆಗೆ ಹಾಲು ಬಿಟ್ಟ ಮರಿಗಳ ಮೇವಿನಿಂದ ಬೆಳವಣಿಗೆಯ ಔಷಧಗಳನ್ನು ಡೆನ್ಮಾರ್ಕಿನ ಹಂದಿ ಉದ್ಯಮ ತಾನಾಗಿಯೇ ಹೊರಗಿಟ್ಟಿತು. ದೊಡ್ಡ ಹಂದಿಗಳಲ್ಲಿ ಏನೂ ಆಗಲಿಲ್ಲ ಎಂದರೂ ತಪ್ಪಿಲ್ಲ. ಮರಿಗಳ ಕಥೆ ಹಾಗಲ್ಲ. ಅಡಗಿದ್ದ ಭೇದಿ ಹೊರಬಂತು. ಸಾವು ಸ್ವಲ್ಪ ಹೆಚ್ಚಿತು, ತೂಕ ಏರುವ ವೇಗ ತಗ್ಗಿತು, ಚಿಕಿತ್ಸೆಗೆಂದು ಬರೆದುಕೊಡುವ ಔಷಧದ ಪ್ರಮಾಣ ಏರಿತು. ನಿಷೇಧವನ್ನು ವಿರೋಧಿಸುತ್ತಿದ್ದವರು ಜಗತ್ತಿನೆಲ್ಲೆಡೆ ಈ ಏರಿಕೆಯನ್ನೇ ಬೆಟ್ಟು ಮಾಡಿ ತೋರಿಸಿದರು.

2002ರಲ್ಲಿ ಡೆನ್ಮಾರ್ಕಿನ ಫೌಲುಮ್‌ನಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಲೆಕ್ಕ ಹಾಕಿದಾಗ ಚಿತ್ರ ಸ್ಪಷ್ಟವಾಯಿತು. 1994ರಲ್ಲಿ ಬೆಳವಣಿಗೆಗೆಂದೇ ಸುಮಾರು 115 ಟನ್ ಔಷಧ ಪಶುಗಳ ಹೊಟ್ಟೆ ಸೇರಿತ್ತು, ಅದು ಸೊನ್ನೆಗಿಳಿದಿತ್ತು. ಚಿಕಿತ್ಸೆಯ ಬಳಕೆ ಏರಿದ್ದನ್ನು ಸೇರಿಸಿಕೊಂಡರೂ 2001ರ ವೇಳೆಗೆ ಪಶುಗಳಲ್ಲಿ ಒಟ್ಟು ಬಳಕೆ ಶೇ. 54ರಷ್ಟು ಇಳಿದಿತ್ತು. 1992ರಿಂದ 2008ರ ನಡುವೆ ಒಂದು ಕಿಲೋ ಹಂದಿಗೆ ತಗಲುವ ಔಷಧದ ಪ್ರಮಾಣ ಅರ್ಧಕ್ಕಿಂತ ಕಡಿಮೆಯಾಯಿತು. ತಾಯಿ ಹಂದಿಯೊಂದರಿಂದ ವರ್ಷಕ್ಕೆ ಸಿಗುವ ಮರಿಗಳ ಸಂಖ್ಯೆ 21ರಿಂದ 25ಕ್ಕೆ ಏರಿತು. ಉದ್ಯಮ ಮುಳುಗಲಿಲ್ಲ. 2006ರ ಜನವರಿಯಿಂದ ಇಡೀ ಯುರೋಪ್ ಒಕ್ಕೂಟ ಅದೇ ಹಾದಿ ಹಿಡಿಯಿತು.

ಸತುವಿನ ಊರುಗೋಲು

ಆದರೆ ಮರಿಗಳ ಭೇದಿಯನ್ನು ತಡೆದದ್ದು ಕೇವಲ ಒಳ್ಳೆಯ ಸಾಕಣೆ ಎಂದುಕೊಂಡರೆ ಅರ್ಧ ಸತ್ಯವಾದೀತು. ಆಂಟಿಬಯಾಟಿಕ್ ಬಿಟ್ಟ ಕೈ ಜಿಂಕ್ ಆಕ್ಸೈಡನ್ನು ಹಿಡಿದಿತ್ತು. ಒಂದು ಕಿಲೋ ಆಹಾರಕ್ಕೆ 2,500 ಮಿಲಿಗ್ರಾಂ ಸತುವನ್ನು ಎರಡು ವಾರ ಕೊಟ್ಟರೆ ಭೇದಿ ಕಡಿಮೆಯಾಗುತ್ತದೆ ಎಂಬುದನ್ನು ಡೆನ್ಮಾರ್ಕಿನ ಸಂಶೋಧಕರೇ 1980ರ ದಶಕದ ಕೊನೆಯಲ್ಲಿ ತೋರಿಸಿದ್ದರು. ಮರಿಗೆ ನಿಜವಾಗಿ ಬೇಕಾದದ್ದು ಸುಮಾರು ನೂರು ಮಿಲಿಗ್ರಾಂ. ಅಗ್ಗದ ಬಿಳಿ ಪುಡಿ, ಪಶುವೈದ್ಯರ ಚೀಟಿ, ಎರಡು ವಾರದ ನೆಮ್ಮದಿ. ರೈತರಿಗೆ ಇದಕ್ಕಿಂತ ಸುಲಭದ ಉಪಾಯವಿರಲಿಲ್ಲ.

ಆ ಸತುವಿನ ಬಹುಪಾಲು ಸಗಣಿಯ ಮೂಲಕ ಹೊಲ ಸೇರುತ್ತದೆ. ಲೋಹವಾದ್ದರಿಂದ ಅದು ಕೊಳೆತು ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಸಂಗ್ರಹವಾಗುತ್ತದೆ. ಇನ್ನೊಂದು ಅಪಾಯ ಸೂಕ್ಷ್ಮವಾದದ್ದು. ಸತುವನ್ನು ತಾಳಿಕೊಳ್ಳುವ ಜೀನು ಮತ್ತು ಆಂಟಿಬಯಾಟಿಕ್‌ಗೆ ಬಗ್ಗದ ಜೀನು ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಅಕ್ಕಪಕ್ಕದಲ್ಲೇ ಕುಳಿತಿರುತ್ತವೆ. ಹಂದಿಗಳಿಂದ ಸಾಕುವವರಿಗೆ ದಾಟುವ ಸಿಸಿ398 ಎಂಬ ಎಂಆರ್‌ಎಸ್‌ಎ ತಳಿಯಲ್ಲಿ ಇಂತಹ ಜೋಡಿ ಕಂಡುಬಂದಿದೆ. ಸತು ಕೊಟ್ಟರೆ ಸತುವನ್ನು ತಾಳಿಕೊಂಡ ಬ್ಯಾಕ್ಟೀರಿಯಾ ಉಳಿಯುತ್ತದೆ, ಅದರ ಜೊತೆಗೆ ಔಷಧ ನಿರೋಧಕತೆಯೂ ಉಳಿಯುತ್ತದೆ. ಯುರೋಪ್ ಒಕ್ಕೂಟ 2017ರ ಜೂನ್‌ನಲ್ಲಿ ಐದು ವರ್ಷಗಳ ಗಡುವು ಕೊಟ್ಟು, 2022ರ ಜೂನ್ 26ರಿಂದ ಔಷಧ ಪ್ರಮಾಣದ ಜಿಂಕ್ ಆಕ್ಸೈಡನ್ನು ಸಂಪೂರ್ಣ ನಿಲ್ಲಿಸಿತು. ಆಹಾರದ ಅಂಶವಾಗಿ ಕಿಲೋಗೆ 150 ಮಿಲಿಗ್ರಾಂ ಸತುವಿಗೆ ಮಾತ್ರ ಅವಕಾಶ ಉಳಿಯಿತು. ಗುಂಪಿಗೆಲ್ಲ ಮುಂಚಿತವಾಗಿ ಆಂಟಿಬಯಾಟಿಕ್ ಕೊಡುವ ವಾಡಿಕೆಗೂ ಅದೇ ವರ್ಷದ ಜನವರಿಯಲ್ಲಿ ಹೊಸ ಕಾನೂನು ತಡೆ ಹಾಕಿತ್ತು.

ಕೊಲಿಸ್ಟಿನ್ ಸುದ್ದಿ ಸಿಡಿದದ್ದು ಇದಕ್ಕೂ ಮುಂಚೆ, 2015ರ ನವೆಂಬರ್‌ನಲ್ಲಿ. ಮೂತ್ರಪಿಂಡಕ್ಕೆ ಹಾನಿಕರವೆಂದು ವೈದ್ಯರು ದಶಕಗಳ ಕಾಲ ಬದಿಗಿಟ್ಟಿದ್ದ ಹಳೆಯ ಔಷಧವಿದು. ಬೇರೆ ಔಷಧಗಳು ಸೋಲತೊಡಗಿದಾಗ ಮತ್ತೆ ಆಸ್ಪತ್ರೆಗೆ ಮರಳಿತ್ತು. ಚೀನಾದ ಹಂದಿಗಳಲ್ಲಿನ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಎಂಸಿಆರ್-1 ಎಂಬ ಜೀನು ಕೊಲಿಸ್ಟಿನ್ನನ್ನು ನಿಷ್ಫಲಗೊಳಿಸುತ್ತಿದೆ ಎಂದು ಅಲ್ಲಿಯ ವಿಜ್ಞಾನಿಗಳು ವರದಿ ಮಾಡಿದರು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ಡಿಎನ್‌ಎ ತುಣುಕಿನ ಮೇಲೆ ಈ ಜೀನು ಇತ್ತು ಎಂಬುದೇ ಆತಂಕದ ಮೂಲ. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಬಳಿಕ ಹಂದಿಗಳಲ್ಲಿ ಮಾತ್ರವಲ್ಲ, ಮನುಷ್ಯರ ಕರುಳಿನಲ್ಲೂ ಆ ಜೀನು ಕಡಿಮೆಯಾದದ್ದು ದಾಖಲಾಗಿದೆ. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಮೀನುಗಳಿಗೆ ಹಾಗೂ ಮೇವಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ನಮ್ಮಲ್ಲಿ ಇದರ ಬಿಸಿ ಹೆಚ್ಚಾಗಿ ತಟ್ಟಿದ್ದು ಕೋಳಿ ಸಾಕಣೆಗೆ.

ತಟ್ಟೆಯಲ್ಲಿ ಆದ ಬದಲಾವಣೆ

ಔಷಧವಿಲ್ಲ, ಸತುವಿಲ್ಲ. ಉಳಿದದ್ದು ಆಹಾರ. ಅಲ್ಲಿ ಮೊದಲ ಕತ್ತರಿ ಬಿದ್ದದ್ದು ಪ್ರೋಟೀನಿಗೆ. ಬೇಗ ಬೆಳೆಯಲೆಂದು ಮರಿಗಳ ಆಹಾರದಲ್ಲಿ ಶೇ. 20ಕ್ಕೂ ಮೀರಿ ಪ್ರೋಟೀನು ತುಂಬುವುದು ವಾಡಿಕೆಯಾಗಿತ್ತು. ಕೊಟ್ಟದ್ದು ಹೆಚ್ಚಾದಷ್ಟೂ ಜೀರ್ಣವಾಗದೆ ಕೊಳೆಯುವುದೂ ಹೆಚ್ಚು. ಹಾಲು ಬಿಟ್ಟ ಮೊದಲ ಒಂದೆರಡು ವಾರ ಅದನ್ನು ಶೇ. 17-18ಕ್ಕೆ ಇಳಿಸಿದರೆ ಭೇದಿ ಕಡಿಮೆಯಾಗುವುದನ್ನು ಪ್ರಯೋಗಗಳು ತೋರಿಸಿವೆ. ಪ್ರೋಟೀನು ಕಡಿಮೆಯಾದರೆ ಬೆಳವಣಿಗೆ ಕುಂಠಿತವಾಗದೇ? ಅದಕ್ಕೆ ಪರಿಹಾರವಾಗಿ ಲೈಸಿನ್, ಥ್ರಿಯೋನಿನ್, ಮೆಥಿಯೋನಿನ್, ಟ್ರಿಪ್ಟೋಫ್ಯಾನ್, ವ್ಯಾಲಿನ್ ಎಂಬ ಅಮೈನೋ ಆಮ್ಲಗಳನ್ನು ಬಿಡಿಬಿಡಿಯಾಗಿ ಬೆರೆಸಲಾಗುತ್ತದೆ. ಇವು ಕರುಳಿನ ಮೇಲ್ಭಾಗದಲ್ಲೇ ಹೀರಲ್ಪಡುವುದರಿಂದ ಕೆಳಗೆ ಕೊಳೆಯಲು ಏನೂ ಉಳಿಯದು. ಲೈಸಿನ್ನನ್ನು ಕಾರ್ಖಾನೆಗಳಲ್ಲಿ ತಯಾರಿಸುವುದು ಬ್ಯಾಕ್ಟೀರಿಯಾಗಳಿಂದಲೇ. ಒಂದು ಬ್ಯಾಕ್ಟೀರಿಯಾದ ಕಾಟ ತಪ್ಪಿಸಲು ಇನ್ನೊಂದರ ದುಡಿಮೆ!

ಪ್ರೋಟೀನು ಎಷ್ಟು ಎಂಬುದರ ಜೊತೆಗೆ ಯಾವುದು ಎಂಬುದೂ ಮುಖ್ಯ. ಎಳೆಯ ಕರುಳನ್ನು ಕೆರಳಿಸುವ, ಜೀರ್ಣಕ್ರಿಯೆಗೆ ಅಡ್ಡ ಬರುವ ಅಂಶಗಳು ಸೋಯಾದಲ್ಲಿವೆ. ಆದ್ದರಿಂದ ಆರಂಭದಲ್ಲಿ ಸಾದಾ ಸೋಯಾ ಹಿಂಡಿಯನ್ನು ತಗ್ಗಿಸಿ ಹುದುಗಿಸಿದ ಸೋಯಾ, ಮೀನಿನ ಪುಡಿ, ಆಲೂಗೆಡ್ಡೆಯ ಪ್ರೋಟೀನು, ಹಾಲಿನ ಪುಡಿಗಳನ್ನು ಬಳಸಲಾಗುತ್ತದೆ. ಇವೆಲ್ಲ ದುಬಾರಿ. ಆದರೆ ಆ ಎರಡು ವಾರಗಳಲ್ಲಿ ಮರಿ ತಿನ್ನುವುದು ಕೆಲವೇ ಕಿಲೋ.

ಎರಡನೆಯದು ಹುಳಿ. ಮೇವಿಗೆ ಸುಣ್ಣದ ಕಲ್ಲಿನ ಪುಡಿ ಹಾಕುವುದು ಸುಣ್ಣದ ಅಂಶಕ್ಕಾಗಿ. ಅದೇ ಪುಡಿ ಜಠರದ ಆಮ್ಲವನ್ನು ಹೀರಿಕೊಂಡು ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ಹಾಗಾಗಿ ಈ ಪುಡಿಯನ್ನು ಕಡಿಮೆ ಮಾಡಿ, ಫಾರ್ಮಿಕ್ ಅಥವಾ ಬೆಂಜೋಯಿಕ್ ಆಮ್ಲ ಬೆರೆಸುವ ರೂಢಿ ಬಂದಿದೆ. ಡೆನ್ಮಾರ್ಕಿನಲ್ಲಿ ಮೇವನ್ನು ನೀರಿನಲ್ಲಿ ನೆನೆಸಿ ಹುದುಗು ಬರಿಸಿ ಕೊಡುವ ಪದ್ಧತಿಯೂ ಇದೆ. ಇಡ್ಲಿ ಹಿಟ್ಟು ಹುಳಿ ಬಂದ ಹಾಗೆಯೇ ಇದೂ. ತೊಟ್ಟಿಯಲ್ಲಿ ಬೆಳೆದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಇ. ಕೋಲೈಯನ್ನು ಹತ್ತಿಕ್ಕುತ್ತವೆ. ಹದ ತಪ್ಪಿದರೆ ಮಾತ್ರ ಬೇಡದ ಯೀಸ್ಟು ಸೇರಿ ತೊಟ್ಟಿ ಕೆಡುತ್ತದೆ, ಬಿಡಿಯಾಗಿ ಬೆರೆಸಿದ ಲೈಸಿನ್ನನ್ನು ಬ್ಯಾಕ್ಟೀರಿಯಾಗಳೇ ತಿಂದುಬಿಡುವುದೂ ಉಂಟು. ಇದು ಕೈಪಳಗಿದವರ ಕೆಲಸ.

ಮೂರನೆಯದು ನಾರು. ಮರಿಗೆ ನಾರು ದಂಡ ಎಂಬ ಹಳೆಯ ತಿಳಿವಳಿಕೆ ಈಗ ಬದಲಾಗಿದೆ. ಓಟ್ಸ್ ಕಾಳಿನ ಹೊಟ್ಟು, ಗೋಧಿ ಬೂಸಾದಂತಹ ಕರಗದ ನಾರು ಸ್ವಲ್ಪ ಪ್ರಮಾಣದಲ್ಲಿದ್ದರೆ ಕರುಳಿನ ಚಲನೆ ಸರಾಗವಾಗಿ, ಆಹಾರ ಒಂದೆಡೆ ನಿಂತು ಕೊಳೆಯುವುದು ತಪ್ಪುತ್ತದೆ. ಅಂಟಂಟಾಗುವ ನಾರು ಮಾತ್ರ ಮೊದಲ ದಿನಗಳಲ್ಲಿ ತಿರುಗುಬಾಣವಾದೀತು. ಪ್ರೋಬಯಾಟಿಕ್, ಕಿಣ್ವ, ಗಿಡಮೂಲಿಕೆಯ ಎಣ್ಣೆಗಳ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿರುವ ಡಬ್ಬಿಗಳಿಗೆ ಲೆಕ್ಕವಿಲ್ಲ. ಒಂದು ಕೇಂದ್ರದಲ್ಲಿ ಫಲ ಕೊಟ್ಟದ್ದು ಇನ್ನೊಂದರಲ್ಲಿ ಕೊಡದಿರುವುದೇ ಹೆಚ್ಚು. ಸತುವಿನ ಜಾಗವನ್ನು ಒಂಟಿಯಾಗಿ ತುಂಬುವ ಪುಡಿ ಯಾವುದೂ ಸಿಕ್ಕಿಲ್ಲ.

ಇಷ್ಟೆಲ್ಲ ಮಾಡಿದರೂ ಮರಿ ತಿನ್ನದಿದ್ದರೆ ವ್ಯರ್ಥ. ಆದ್ದರಿಂದ ತಾಯಿಯ ಬಳಿ ಇರುವಾಗಲೇ, ಎರಡನೇ ವಾರದಿಂದ ಸ್ವಲ್ಪ ಸ್ವಲ್ಪ ಆಹಾರದ ರುಚಿ ತೋರಿಸಲಾಗುತ್ತದೆ. ಬೇರ್ಪಡಿಸಿದ ಮೊದಲ ದಿನಗಳಲ್ಲಿ ಬೆಚ್ಚಗಿನ ನೀರಿನಲ್ಲಿ ಕಲಸಿದ ಗಂಜಿಯನ್ನು ದಿನಕ್ಕೆ ಹಲವು ಬಾರಿ, ಎಲ್ಲ ಮರಿಗಳೂ ಒಟ್ಟಿಗೆ ಬಾಯಿ ಹಾಕುವಂತಹ ಅಗಲವಾದ ತಟ್ಟೆಯಲ್ಲಿ ಕೊಡುವುದುಂಟು. ಕೋಣೆಯನ್ನು 28-30 ಡಿಗ್ರಿ ಬೆಚ್ಚಗಿಡುವುದು, ಒಂದು ತಂಡ ಪೂರ್ತಿ ಹೊರಹೋದ ಮೇಲೆ ತೊಳೆದು ಒಣಗಿಸಿಯೇ ಇನ್ನೊಂದನ್ನು ತರುವುದು, ಎಫ್4, ಎಫ್18 ವಿರುದ್ಧ ಬಾಯಿಯ ಮೂಲಕ ಲಸಿಕೆ, ಆ ಕೊಕ್ಕೆ ಅಂಟದಂತಹ ಕರುಳುಳ್ಳ ತಳಿಗಳ ಆಯ್ಕೆ, ಇವೂ ಜೊತೆಗಿವೆ.

ಎರಡನೇ ಪೆಟ್ಟು

ಸತು ನಿಂತ ಮೇಲೆ ಏನಾಯಿತು? 1999ರಲ್ಲಿ ಆದದ್ದೇ ಒಂದಿಷ್ಟು ಮರುಕಳಿಸಿತು. ಡೆನ್ಮಾರ್ಕಿನಲ್ಲಿ ಹಾಲು ಬಿಟ್ಟ ಮರಿಗಳಿಗೆ ನಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಬಳಕೆ ಏರಿತು. ಕೊಲಿಸ್ಟಿನ್ ಕಡೆಗೆ ರೈತರು ಹೊರಳದಂತೆ ಮೊದಲೇ ಬೇಲಿ ಹಾಕಿದ್ದು ಇಲ್ಲಿ ನೆರವಿಗೆ ಬಂತು. 2010ರಿಂದ ಜಾರಿಯಲ್ಲಿರುವ ಹಳದಿ ಕಾರ್ಡ್ ಪದ್ಧತಿಯ ಪ್ರಕಾರ, ನಿಗದಿತ ಮಿತಿಗಿಂತ ಹೆಚ್ಚು ಔಷಧ ಬಳಸುವ ಸಾಕಣೆ ಕೇಂದ್ರಕ್ಕೆ ಎಚ್ಚರಿಕೆ ಹೋಗುತ್ತದೆ. ಆಸ್ಪತ್ರೆಗೆ ಅತಿ ಮುಖ್ಯವಾದ ಔಷಧಗಳನ್ನು ಬಳಸಿದರೆ ಲೆಕ್ಕದಲ್ಲಿ ಹಲವು ಪಟ್ಟು ಹೆಚ್ಚು ಅಂಕ ಬೀಳುತ್ತದೆ. 2017ರಿಂದ ಕೊಲಿಸ್ಟಿನ್‌ಗೆ ಹತ್ತು ಪಟ್ಟು. ಔಷಧ ನಿಷೇಧಿಸದೆಯೇ ಅದನ್ನು ಕಪಾಟಿನ ಮೇಲಿನ ಅರೆಯಲ್ಲಿಟ್ಟ ಜಾಣ್ಮೆಯಿದು.

ಹೀಗಿದ್ದರೂ ನಿಯೋಮೈಸಿನ್ ಏರಿಕೆಯನ್ನು ರೈತರ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಭೇದಿಯಿಂದ ಒದ್ದಾಡುವ ಮರಿಗೆ ಚಿಕಿತ್ಸೆ ಕೊಡದಿರುವುದು ಕಾನೂನಿಗೂ ಕರುಣೆಗೂ ವಿರುದ್ಧ. ಅವರ ಕೈಯಲ್ಲಿರುವ ಮರಿಯೂ ಬದಲಾಗಿದೆ. ದಶಕಗಳ ತಳಿ ಆಯ್ಕೆಯಿಂದ ಡೆನ್ಮಾರ್ಕಿನ ತಾಯಿ ಹಂದಿ ಇಂದು ವರ್ಷಕ್ಕೆ ಸರಾಸರಿ 33ಕ್ಕೂ ಹೆಚ್ಚು ಮರಿಗಳನ್ನು ಬೆಳೆಸಿಕೊಡುತ್ತದೆ. ಒಂದೇ ಸೂಲಿನಲ್ಲಿ ಮೊಲೆಗಳ ಸಂಖ್ಯೆಗಿಂತ ಹೆಚ್ಚು ಮರಿಗಳು ಹುಟ್ಟುತ್ತವೆ. ಹುಟ್ಟುವಾಗಲೇ ಸಣ್ಣದಾದ, ಗಿಣ್ಣುಹಾಲು ಸಾಕಷ್ಟು ಸಿಗದ ಮರಿ ನಾಲ್ಕನೇ ವಾರದಲ್ಲಿ ಕರುಳಿನ ಪರೀಕ್ಷೆಯನ್ನು ಎದುರಿಸುತ್ತದೆ. ಮೇವಿನ ತಜ್ಞರು ಎಷ್ಟೇ ಜಾಣ್ಮೆ ತೋರಿದರೂ ಈ ಲೆಕ್ಕವನ್ನು ಅವರೊಬ್ಬರೇ ಸರಿಪಡಿಸಲಾರರು.

ನೆರೆಯ ಸ್ವೀಡನ್ ಈ ಹಾದಿಯನ್ನು ಎಲ್ಲರಿಗಿಂತ ಮೊದಲು ತುಳಿದ ದೇಶ. 1986ರಲ್ಲೇ ಅದು ಬೆಳವಣಿಗೆಯ ಔಷಧಗಳನ್ನು ನಿಷೇಧಿಸಿತು. ಆಗ ಅಲ್ಲಿಯೂ ಮರಿಗಳಲ್ಲಿ ಭೇದಿ ಹೆಚ್ಚಿತ್ತು, ಚಿಕಿತ್ಸೆಯ ಔಷಧ ಏರಿತ್ತು. ಅದು ತಗ್ಗಲು ವರ್ಷಗಳೇ ಹಿಡಿದವು. ಅಲ್ಲಿ ಮರಿಗಳನ್ನು ತಾಯಿಯಿಂದ ಬಿಡಿಸುವುದು ಸಾಮಾನ್ಯವಾಗಿ ಐದು ವಾರದ ಆಸುಪಾಸಿನಲ್ಲಿ. ಯುರೋಪ್ ಒಕ್ಕೂಟದ ನಿಯಮದಂತೆ 28 ದಿನ ಕನಿಷ್ಠ ಮಿತಿ. ಪ್ರತ್ಯೇಕವಾದ, ತೊಳೆದು ಶುಚಿಗೊಳಿಸಿದ ಕೋಣೆಯಿದ್ದರೆ 21 ದಿನಕ್ಕೂ ಅವಕಾಶವಿದೆ.

ಒಂದು ವಾರ ಹೆಚ್ಚು ಹಾಲು ಕುಡಿದ ಮರಿ ದೊಡ್ಡದಾಗಿರುತ್ತದೆ, ಆಹಾರ ತಿನ್ನಲು ಕಲಿತಿರುತ್ತದೆ, ಅದರ ಕರುಳು ಒಂದಿಷ್ಟು ಬಲಿತಿರುತ್ತದೆ. ಆದರೆ ಹಾಲೂಡಿಸುತ್ತಿರುವಷ್ಟು ದಿನ ತಾಯಿ ಹಂದಿ ಸಾಮಾನ್ಯವಾಗಿ ಬೆದೆಗೆ ಬರುವುದಿಲ್ಲ. ಅಲ್ಲಿ ಹೆಚ್ಚಾದ ಒಂದು ವಾರ ಮುಂದಿನ ಸೂಲನ್ನು ಒಂದು ವಾರ ಹಿಂದಕ್ಕೆ ತಳ್ಳುತ್ತದೆ, ಮರಿ ಹಾಕುವ ಕೋಣೆ ಅಷ್ಟೇ ದಿನ ಖಾಲಿಯಾಗದೆ ಉಳಿಯುತ್ತದೆ. ಆ ಏಳು ದಿನಗಳ ನಷ್ಟವನ್ನು ಹಂದಿ ಸಾಕುವವನು ಭರಿಸಬೇಕೇ, ಮಾಂಸ ಕೊಳ್ಳುವವನು ಭರಿಸಬೇಕೇ ಎಂಬ ಚೌಕಾಶಿ ಡೆನ್ಮಾರ್ಕಿನಲ್ಲಿ ಇನ್ನೂ ಮುಗಿದಿಲ್ಲ.